ಮೇಷ್ಟ್ರುಗಳ ಹಿಂಜರಿಕೆ ಯಾಕೆ?

ಕೋವಿಡ್‌ನಿಂದ ಮುಚ್ಚಿದ್ದ ಶಾಲೆಗಳು ಮತ್ತೆ ತೆರೆಯುವ ಹೊತ್ತಿಗೆ, 2021ರ ಅಕ್ಟೋಬರಿನಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರ: “ಅಕ್ಟೋಬರ್ 25ರಿಂದ ಒಂದರಿಂದ ಐದನೇ ತರಗತಿ ಶುರು ಅಂತ ಸರ್ಕಾರ ಹೇಳಿದೆ. ನಮ್ಮೂರ ಮೇಷ್ಟ್ರುಗಳು ಮಾತ್ರ ರಾಗ ಎಳೆಯುತ್ತಿದ್ದಾರೆ. ಮನೇಲಿ ಕೂತು ಸಂಬಳ ತಗೊಂಡು ರೂಢಿಯಾಗಿದೆ ಅಂತಾರೆ ಊರಿನವರು. ಎರಡನೇ ತರಗತಿಯ ನನ್ನ ಮಗಳು ಇನ್ನೂ ಶಾಲೆಯೊಳಗೆ ಕೂತೇ ಇಲ್ಲ. ಕಳಿಸಲೋ ಬೇಡವೋ?”

ಕಳಿಸಿ. ಆ ವಯಸ್ಸಿನಲ್ಲಿ ಅಕ್ಷರ ಕೈತಪ್ಪಿದರೆ ಮುಂದಿನ ತರಗತಿಗಳೆಲ್ಲ ಭಾರವಾಗುತ್ತವೆ. ಆದರೆ ಮೇಷ್ಟ್ರುಗಳ ಬಗ್ಗೆ ಊರಿನವರ ಮಾತು ಸರಿಯಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರ್ಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಮರದಡಿ, ಗುಡಿ ಜಗಲಿಯಲ್ಲಿ ಪಾಠ ಮಾಡಿದವರು ಅವರೇ. ನಮ್ಮೊಡನೆ ಮಾತಾಡಿದ ಶಿಕ್ಷಕರಲ್ಲಿ ಶಾಲೆ ಮುಚ್ಚಿಯೇ ಇರಲಿ ಅಂದವರಿಲ್ಲ. ಶಾಲೆ ತೆರೆಯುವ ಬಗ್ಗೆ ಸರ್ಕಾರದ ಸುತ್ತೋಲೆಯಲ್ಲಿ ಬರೆದಿರುವುದನ್ನೆಲ್ಲ ಯಾರ ಕೈಲಿ, ಯಾವ ದುಡ್ಡಿನಲ್ಲಿ ಮಾಡಿಸುವುದು ಅನ್ನುವುದೇ ಅವರ ಚಿಂತೆ.

ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಆಟ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿಯನ್ನೇ ನೋಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪುಗಳಾಗಿ ನೆಲದ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂರುತ್ತಾರೆ, ಕಾರ್ಡು ಕೈಯಿಂದ ಕೈಗೆ ಹೋಗುತ್ತದೆ. 20 ಅಡಿ ಉದ್ದ, 20 ಅಡಿ ಅಗಲದ ಕೋಣೆಯಲ್ಲಿ ಆರಡಿ ಅಂತರ ಇಟ್ಟರೆ ಸಾಲಿಗೆ ನಾಲ್ವರಂತೆ 16 ಮಕ್ಕಳು. ಬೋರ್ಡಿನ ಮುಂದೆ ಒಂದು ಸಾಲು ಬಿಟ್ಟರೆ ಉಳಿಯುವುದು 12. ಮೂವತ್ತು ಮಕ್ಕಳಿಗೆ ಒಬ್ಬರೇ ಟೀಚರ್ ಇದ್ದರೆ ಏನು ಮಾಡಬೇಕು? ನಮ್ಮ ಸಲಹೆ: ಇಡೀ ತರಗತಿಯನ್ನು ಎರಡು ಗುಂಪು ಮಾಡಿ ದಿನ ಬಿಟ್ಟು ದಿನ ಕರೆಸಿ. ಕೋಣೆಯಲ್ಲಿ 12 ಜನ, ಉಳಿದ ಮೂವರು ಬಾಗಿಲ ಹೊರಗಿನ ಜಗಲಿಯಲ್ಲಿ, ಟೀಚರ ಕಣ್ಣಳತೆಯಲ್ಲೇ. ಯಾವ ಮಗು ಯಾವ ಗುಂಪಿನದು ಅನ್ನುವುದು ಬದಲಾಗಕೂಡದು. ಆಗ ಒಬ್ಬರಿಗೆ ಸೋಂಕು ಬಂದರೂ ಯಾರ ಮೇಲೆ ಕಣ್ಣಿಡಬೇಕೆಂಬುದು ತಿಳಿಯುತ್ತದೆ. ಕಾರ್ಡುಗಳನ್ನು ಒರೆಸುತ್ತ ಕೂರಬೇಕಿಲ್ಲ, ಮುಟ್ಟುವ ಮುಂಚೆ ಮತ್ತು ಆಮೇಲೆ ಕೈ ತೊಳೆದರೆ ಸಾಕು.

ಕೋವಿಡ್ ಹೆಚ್ಚಾಗಿ ಹರಡುವುದು ಮುಚ್ಚಿದ ಕೋಣೆಯ ಗಾಳಿಯಲ್ಲಿ. ಆದ್ದರಿಂದ ಮೊದಲ ಕೆಲಸ ಕಿಟಕಿ. ಒಂದೂವರೆ ವರ್ಷ ಮುಚ್ಚಿದ ಶಾಲೆಗಳಲ್ಲಿ ಚಿಲಕ ತುಕ್ಕು ಹಿಡಿದಿರುತ್ತದೆ, ಮಳೆಗೆ ಮರ ಉಬ್ಬಿ ಬಾಗಿಲು ಕಚ್ಚಿಕೊಂಡಿರುತ್ತದೆ, ಬೀರುವೋ ಅಕ್ಕಿ ಮೂಟೆಯೋ ಅಡ್ಡ ನಿಂತಿರುತ್ತದೆ. ಎದುರುಬದುರು ಎರಡು ಕಡೆ ತೆರೆದರೆ ಮಾತ್ರ ಗಾಳಿ ಹಾಯುತ್ತದೆ. ಒಂದೇ ಕಡೆ ಕಿಟಕಿಯಿದ್ದರೆ ಸ್ಟ್ಯಾಂಡ್ ಫ್ಯಾನನ್ನು ಹೊರಮುಖವಾಗಿ ಕಿಟಕಿಗಿಟ್ಟು ಬಾಗಿಲು ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಅದೇ ಗಾಳಿಯನ್ನು ಸುತ್ತಿಸುತ್ತದೆ, ಅಷ್ಟೇ.

ಮುಂದಿನದು ನೀರು, ನಮ್ಮ ಜಿಲ್ಲೆಯ ಹಳೇ ಗೋಳು. ಸಲಕ್ಕೆ ಅರ್ಧ ಲೀಟರ್ ಅಂದುಕೊಂಡರೂ 60 ಮಕ್ಕಳು ದಿನಕ್ಕೆ ನಾಲ್ಕು ಸಲ ಕೈ ತೊಳೆಯಲು 120 ಲೀಟರ್ ಬೇಕು. ನಲ್ಲಿ ಬಿಟ್ಟುಕೊಂಡು ತೊಳೆದರೆ ಅಷ್ಟರಲ್ಲಿ ಮುಗಿಯದು. ಒಬ್ಬರು ಚೊಂಬಿನಿಂದ ಹಾಕಲಿ. ಟ್ಯಾಂಕನ್ನು ಉಜ್ಜಿ ತೊಳೆದು ತುಂಬಿಸಿ, 500 ಲೀಟರಿಗೆ 75 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ 12 ಗಂಟೆ ಬಿಟ್ಟು, ಆ ನೀರನ್ನು ಪೂರ್ತಿ ಚೆಲ್ಲಬೇಕು. ಶೌಚಾಲಯ ತೊಳೆಯಲು ಲೀಟರಿಗೆ 30 ಗ್ರಾಂ, ಅಂದಂದೇ ಕಲಸಿದ್ದು. ಹಳೇ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಆಸಿಡ್ ಜೊತೆ ಮಾತ್ರ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಇನ್ನು ಮಕ್ಕಳ ಮೈಮೇಲೆ ಔಷಧಿ ಸಿಂಪಡಿಸುವುದು ಅಪಾಯ, ಯಾರು ಹೇಳಿದರೂ ಬೇಡ.

ಗೇಟಿನ ಥರ್ಮಲ್ ಸ್ಕ್ಯಾನರನ್ನು ಪೂರ್ತಿ ನಂಬಬೇಡಿ. ಬಿಸಿಲಲ್ಲಿ ನಡೆದು ಬಂದ ಮಗುವಿನ ಹಣೆ ಸುಳ್ಳು ಜ್ವರ ತೋರಿಸುತ್ತದೆ, ಐದು ನಿಮಿಷ ನೆರಳಲ್ಲಿ ಕೂರಿಸಿ ನೋಡಬೇಕು. ಲಕ್ಷಣವಿಲ್ಲದ ಸೋಂಕು ಅದಕ್ಕೆ ಕಾಣುವುದೇ ಇಲ್ಲ. ಬಿಸಿಯೂಟದ ಹೊತ್ತಿನಲ್ಲಿ ಎಲ್ಲರ ಮಾಸ್ಕೂ ಒಟ್ಟಿಗೆ ಕೆಳಗಿಳಿಯುತ್ತದೆ. ಊಟ ಬಯಲಲ್ಲಿ, ಬೇರೆ ಬೇರೆ ಗುಂಪುಗಳಾಗಿ, ಮಾತಿಲ್ಲದೆ ಆಗಲಿ.

ಇಷ್ಟನ್ನೂ ಒಬ್ಬ ಟೀಚರ್ ಪಾಠದ ಜೊತೆ ಮಾಡಲಾರರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ನಿಮ್ಮ ಕೆಲಸ ಮುಗಿಯಲಿಲ್ಲ. ಕೆಮ್ಮು, ಜ್ವರ ಇದ್ದ ದಿನ ಮಗಳನ್ನು ಮನೆಯಲ್ಲೇ ಇರಿಸಿಕೊಳ್ಳಿ. ಮನೆಯ ದೊಡ್ಡವರು ಎರಡೂ ಡೋಸ್ ಹಾಕಿಸಿಕೊಳ್ಳಿ. 23ನೇ ತಾರೀಖು ಶನಿವಾರ, ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು) ಕರೆದುಕೊಂಡು ಶಾಲೆಗೆ ಹೋಗಿ. ಚಿಲಕಕ್ಕೆ ಎಣ್ಣೆ, ಟ್ಯಾಂಕಿಗೆ ಬ್ರಷ್, ಇಬ್ಬರು ಆಳು ಇದ್ದರೆ ಸೋಮವಾರದೊಳಗೆ ಮುಗಿಯುತ್ತದೆ.

– ಸಂಪಾದಕ