ನಮ್ಮೂರ ಶಾಲೆಗೆ ಮಾತ್ರ ಯಾಕೆ ಕಡಿಮೆ ದುಡ್ಡು?

28 ಮಕ್ಕಳಿರುವ ನಿಮ್ಮ ಶಾಲೆಗೆ 10 ಸಾವಿರ, ಪಕ್ಕದೂರಿನದಕ್ಕೆ 25 ಸಾವಿರ ಯಾಕೆ ಅಂತ ಕೇಳಿದ್ದೀರಿ. ಇದರಲ್ಲಿ ಯಾರ ಕೈವಾಡವೂ ಇಲ್ಲ. ಸರ್ಕಾರಿ ಶಾಲೆಗಳಿಗೆ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ. 30 ಮಕ್ಕಳವರೆಗೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ. ಮನೆಯ ಬಡತನ ಈ ಲೆಕ್ಕದೊಳಗೆ ಬರುವುದೇ ಇಲ್ಲ. ನನಗಂತೂ ಈ ತಲೆ ಎಣಿಕೆಯೇ ತಪ್ಪು ಅನಿಸುತ್ತದೆ. ಮಕ್ಕಳು ಕಡಿಮೆ ಅಂತ ಹೆಂಚು ಕಡಿಮೆ ಸೋರುತ್ತದಾ? ಪೊರಕೆ, ಫಿನಾಯಿಲ್, ಸೀಮೆಸುಣ್ಣ ಎಲ್ಲ ಆ ಹತ್ತರಲ್ಲೇ ಆಗಬೇಕು.

ಆದರೆ ಕಿವಿ ಕೇಳದ ಇಬ್ಬರು ಹುಡುಗಿಯರಿದ್ದಾರೆ ಅಂದ್ರಲ್ಲ, ಅವರ ಲೆಕ್ಕ ಬೇರೆ. ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶ ಇದೆ. ಇಂಥ ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ 10 ತಿಂಗಳು ಭತ್ಯೆ ಕೂಡ. ಶಾಲೆ, ಮಕ್ಕಳ ಮಾಹಿತಿ ದಾಖಲಿಸುವ ಸರ್ಕಾರಿ ವ್ಯವಸ್ಥೆ ಯು-ಡೈಸ್‌ನಲ್ಲಿ ಅವರ ವಿವರ ಸರಿಯಾಗಿ ತುಂಬಿದ್ದಾರಾ? ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲು ಅದನ್ನೇ ಕೇಳಿ.