ಬಾಸ್ಟ್ನಸೈಟ್ ಖನಿಜದ ಗುಣಗಳೇನು? ಅದು ಎಲ್ಲೆಲ್ಲಿ ಸಿಗುತ್ತದೆ?

ಬಾಸ್ಟ್ನಸೈಟ್ ವಿರಳ ಭೂಲೋಹಗಳ ಫ್ಲೋರೊಕಾರ್ಬೊನೇಟ್, ಅಂದರೆ ಆ ಲೋಹಗಳು ಫ್ಲೋರಿನ್ ಮತ್ತು ಕಾರ್ಬೊನೇಟ್ ಜೊತೆ ಸೇರಿ ಆದ ಖನಿಜ. ಅದರಲ್ಲಿ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಜಾಸ್ತಿ. ಹಿಡಿದು ನೋಡಿದರೆ ಮೊದಲು ಗೊತ್ತಾಗುವುದು ಭಾರ: ನೀರಿಗಿಂತ ಸುಮಾರು 5 ಪಟ್ಟು. ಬಣ್ಣ ಮೇಣದಂಥ ಹಳದಿಯಿಂದ ಕೆಂಪು ಕಂದಿನವರೆಗೆ, ಹೊಳಪು ಸ್ವಲ್ಪ ಜಿಡ್ಡು ಜಿಡ್ಡು. ಗಡಸುತನ ಮೋಸ್ ಮಾಪನದಲ್ಲಿ 4ರಿಂದ 4.5, ಅಂದರೆ ಚಾಕುವಿನಿಂದ ಗೀರಬಹುದು. ಕಾರ್ಬೊನೇಟ್ ಅಲ್ವಾ, ಆಸಿಡ್ ಹಾಕಿದ ಕೂಡಲೇ ನೊರೆ ಉಕ್ಕಬೇಕು ಅಂದುಕೊಳ್ಳಬೇಡಿ. ಸುಣ್ಣಕಲ್ಲಿನಷ್ಟು ಚುರುಕಿಲ್ಲ, ನಿಧಾನವಾಗಿ ಕರಗುತ್ತದೆ.

ಹೆಸರು ಬಂದಿದ್ದು ಸ್ವೀಡನ್ನಿನ ಬಾಸ್ಟ್ನೆಸ್ ಗಣಿಯಿಂದ. ದೊಡ್ಡ ನಿಕ್ಷೇಪಗಳು ಹೆಚ್ಚಾಗಿ ಕಾರ್ಬೊನಟೈಟ್‌ನಲ್ಲಿ ಇರುತ್ತವೆ. ಇದು ಕಾರ್ಬೊನೇಟ್ ತುಂಬಿದ ಶಿಲಾಪಾಕ ಗಟ್ಟಿಯಾಗಿ ಆದ ಬಂಡೆ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಕಥೆ ಮಜವಾಗಿದೆ. 1949ರಲ್ಲಿ ಯುರೇನಿಯಂ ಹುಡುಕುತ್ತಿದ್ದವರಿಗೆ ಅಲ್ಲಿನ ಕಲ್ಲಿನಲ್ಲಿ ವಿಕಿರಣ ಕಂಡಿತು. ಪರೀಕ್ಷೆ ಮಾಡಿಸಿದರೆ ಸಿಕ್ಕಿದ್ದು ಬಾಸ್ಟ್ನಸೈಟ್! 1960ರ ದಶಕದಲ್ಲಿ ಕಲರ್ ಟಿವಿಯ ಕೆಂಪು ಬಣ್ಣಕ್ಕೆ, ಬಾಸ್ಟ್ನಸೈಟ್‌ನಲ್ಲಿ ಸ್ವಲ್ಪವೇ ಇರುವ ಯುರೋಪಿಯಂ ಎಂಬ ವಿರಳ ಭೂಲೋಹ ಬೇಕಾಯಿತು, ಆ ಗಣಿಯ ಅದೃಷ್ಟ ಖುಲಾಯಿಸಿತು.

ಚೀನಾದ ಬಯಾನ್ ಓಬೋ ಗಣಿಯಲ್ಲಿ ಬಾಸ್ಟ್ನಸೈಟ್, ಮೊನಜೈಟ್ (ವಿರಳ ಭೂಲೋಹಗಳ ಇನ್ನೊಂದು ಖನಿಜ) ಜೊತೆ ಕಬ್ಬಿಣದ ಅದಿರಿನಲ್ಲೇ ಸೇರಿಕೊಂಡಿದೆ. ಮೊನಜೈಟ್‌ಗಿಂತ ಇದರಲ್ಲಿ ವಿಕಿರಣ ಸೂಸುವ ಥೋರಿಯಂ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಸಂಸ್ಕರಿಸುವವರಿಗೆ ವಿಕಿರಣದ ತಲೆನೋವೂ ಕಡಿಮೆ. ನಮ್ಮ ದೇಶದಲ್ಲಿ ಗುಜರಾತಿನ ಅಂಬಾ ಡೋಂಗರ್‌ನ ಕಾರ್ಬೊನಟೈಟ್‌ನಲ್ಲಿಯೂ ಇದೆ.