ಕ್ಯಾನ್ಸರ್ ಗುಣಪಡಿಸಿದ ಡಾಕ್ಟರ ಋಣ ತೀರಿಸುವುದು ಹೇಗೆ?

ಕೀಮೋ ಮುಗಿದಿದೆ, ಡಾಕ್ಟರು ದೇವರ ಹಾಗೆ ನೋಡಿಕೊಂಡರು, ಏನು ಉಡುಗೊರೆ ಕೊಟ್ಟರೂ ಕಡಿಮೆಯೇ, ಇನ್ನು ಬೆರಳಿಗೆ ಜೋಮು ಹಿಡಿಯುವಂಥ ಸಣ್ಣಪುಟ್ಟದ್ದಕ್ಕೆಲ್ಲ ಮತ್ತೆ ಅವರ ತಲೆ ತಿನ್ನಲು ಮನಸ್ಸಿಲ್ಲ ಅಂತ ಬರೆದಿದ್ದೀರಿ. ಉಡುಗೊರೆ ವಿಚಾರ ಆಮೇಲೆ. ಆ ಕೊನೆಯ ಮಾತು ಓದಿ ನನಗೆ ಹೊಟ್ಟೆ ತೊಳೆಸಿದ ಹಾಗಾಯಿತು. ಯಾಕೆಂದರೆ ಅದು ನನ್ನದೇ ಮಾತು.

ನನಗೆ ಸ್ತನ ಕ್ಯಾನ್ಸರ್ ಇತ್ತು. 6 ವರ್ಷದ ಹಿಂದಿನ ಕಥೆ. ಮೊದಲು ಆಪರೇಷನ್, ಆಮೇಲೆ ಆ ಕೆಂಪು ಬಣ್ಣದ ಡಾಕ್ಸೋರುಬಿಸಿನ್ ಇರುವ ಕೀಮೋ 4 ಸಲ, ಅದಾದ ಮೇಲೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಔಷಧಿ 12 ಸಲ ಅಂತ ಗೊತ್ತುಮಾಡಿದ್ದರು. ನಿಮಗೂ ಬಹುಶಃ ಇದೇ ಇರಬೇಕು, ಜೋಮು ಅಂದಿದ್ದೀರಲ್ಲ.

ನನ್ನ ಡಾಕ್ಟರ್ ಎಂಥವರು ಅಂದರೆ, ರಿಪೋರ್ಟ್ ಬಂದ ದಿನ ಮೇಜಿನ ಆಚೆಯಿಂದ ಎದ್ದು ಬಂದು ನನ್ನ ಪಕ್ಕದ ಸ್ಟೂಲ್ ಮೇಲೆ ಕೂತರು. 'ಕ್ಯಾನ್ಸರ್' ಅಂತ ಒಂದೇ ಸಲ ಹೇಳಿದರು. ಆಮೇಲೆ ಸುಮ್ಮನಾದರು. ನಾನು ಬಾಯಿಬಿಡುವವರೆಗೂ ಮಾತಾಡಲಿಲ್ಲ, ಗಡಿಯಾರ ನೋಡಲಿಲ್ಲ. ಮುಂದೆ ಏನೇನು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು, "ಇವತ್ತು ನಾನು ಹೇಳಿದ್ದು ಯಾವುದೂ ನಿಮ್ಮ ತಲೆಯಲ್ಲಿ ನಿಲ್ಲೋದಿಲ್ಲ, ಅದಕ್ಕೇ ಇದು" ಅಂದರು. ನಿಜವಾಗಿಯೂ ನಿಂತಿರಲಿಲ್ಲ. ಕೂದಲು ಎರಡು ಮೂರು ವಾರದಲ್ಲಿ ಉದುರಬಹುದು ಅಂತ ಆ ಹಾಳೆಯಲ್ಲಿ ಇದ್ದದ್ದರಿಂದಲೇ, ದಿಂಬಿನ ಮೇಲೆ ಗೊಂಚಲು ಕಂಡ ಬೆಳಿಗ್ಗೆ ನಾನು ಕಿರುಚಲಿಲ್ಲ.

ಇಂಥವರ ಎದುರು ನಾನೂ ಒಳ್ಳೆಯ ರೋಗಿ ಆಗಬೇಕು ಅಂತ ಹಟ ಬಂತು ನೋಡಿ, ಅಲ್ಲೇ ಎಡವಿದ್ದು.

ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ಪ್ರತಿ ವಾರ ಅವರದು ಒಂದೇ ಪ್ರಶ್ನೆ: "ಅಂಗಿ ಗುಂಡಿ ಹಾಕಿಕೊಳ್ಳೋಕೆ ಆಗ್ತಿದೆಯಾ?" ಮಾತಿಗೆ ಕೇಳ್ತಾರೆ ಅಂದುಕೊಂಡಿದ್ದೆ. ನಾಲ್ಕನೇ ವಾರಕ್ಕೆ ಕಾಲ್ಬೆರಳಲ್ಲಿ ಇರುವೆ ಹರಿದ ಹಾಗೆ ಶುರುವಾಯಿತು. ಆರನೇ ವಾರ ಕೈಬೆರಳು. ಒಂಬತ್ತರ ಹೊತ್ತಿಗೆ ನೆಲದ ಮೇಲೆ ನಡೆದರೆ ದಪ್ಪ ಕಂಬಳಿ ಹಾಸಿದ ಹಾಗೆ ಅನ್ನಿಸುತ್ತಿತ್ತು. ಅವರು ಗುಂಡಿ ಬಗ್ಗೆ ಕೇಳಿದಾಗಲೆಲ್ಲ ನಾನು "ಏನೂ ತೊಂದರೆ ಇಲ್ಲ ಡಾಕ್ಟ್ರೇ" ಅಂದೆ. ಅದು ಸುಳ್ಳಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಯಾಕೆಂದರೆ ಅಷ್ಟರಲ್ಲಿ ಗುಂಡಿ ಇರುವ ಬಟ್ಟೆ ಹಾಕುವುದನ್ನೇ ಬಿಟ್ಟಿದ್ದೆ! ಗುಂಡಿಯೇ ಇಲ್ಲ ಅಂದರೆ ತೊಂದರೆ ಎಲ್ಲಿಂದ ಬರಬೇಕು?

ಯಾಕೆ ಮುಚ್ಚಿಟ್ಟೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಡೋಸ್ ಇಳಿಸಿಬಿಟ್ಟರೆ ಕ್ಯಾನ್ಸರ್ ವಾಪಸ್ ಬರುತ್ತದೆ ಅನ್ನುವ ಹೆದರಿಕೆ ಒಂದು ಕಡೆ ಇತ್ತು. ಆದರೆ ಅದು ಅರ್ಧ ಮಾತ್ರ. ಹೊರಗೆ ನನಗಿಂತ ಜಾಸ್ತಿ ಕಷ್ಟದಲ್ಲಿರುವವರು ಸಾಲಾಗಿ ಕೂತಿದ್ದಾರೆ, ನನಗಾಗಿ ಇಷ್ಟು ಮಾಡಿದ ಮನುಷ್ಯನಿಗೆ ಬೆರಳು ಜುಮ್ಮೆನ್ನುತ್ತದೆ ಅಂತ ಹೇಳುವುದಾ, ಅವರು ಬಾಗಿಲು ತೆರೆದಾಗ ನಗುತ್ತಾ ಒಳಗೆ ಹೋಗುವ ಒಬ್ಬಳಾದರೂ ಇರಲಿ ಅನ್ನುವುದು ಇನ್ನರ್ಧ. ಅದನ್ನೇ ಕೃತಜ್ಞತೆ ಅಂದುಕೊಂಡಿದ್ದೆ. ಬೆಪ್ಪುತನ.

ಹನ್ನೊಂದನೇ ವಾರ ಸಹಿ ಹಾಕುವಾಗ ಪೆನ್ ಕೈಯಿಂದ ಜಾರಿತು. ಎತ್ತಿಕೊಂಡೆ, ಮತ್ತೆ ಜಾರಿತು. ಅವರು ಕಣ್ಣು ಮುಚ್ಚಿಕೊಳ್ಳಲು ಹೇಳಿ ನನ್ನ ಬೆರಳೊಂದನ್ನು ಹಿಡಿದು, ಮೇಲೆ ಮಾಡಿದ್ದೇನಾ ಕೆಳಗಾ ಅಂತ ಕೇಳಿದರು. ನನಗೆ ಹೇಳೋಕಾಗಲಿಲ್ಲ. ಅವತ್ತಿನ ಕೀಮೋ ಅಲ್ಲಿಗೇ ನಿಂತಿತು, ಹನ್ನೆರಡನೆಯದೂ ಇಲ್ಲ.

ಬೈಯುತ್ತಾರೆ ಅಂದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹತ್ತಿರ ಹೇಳೋಕೆ ಆಗದ ಹಾಗೆ ನಾನೇನು ಮಾಡಿದೆ?" ಅಂತ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಈ ಔಷಧಿ ಜೀವಕೋಶದೊಳಗಿನ ಸಣ್ಣ ಕೊಳವೆಗಳನ್ನು ಬಿಗಿ ಮಾಡುತ್ತದೆ, ಆಗ ಕ್ಯಾನ್ಸರ್ ಕೋಶ ಎರಡಾಗಲು ಆಗದೆ ಸಾಯುತ್ತದೆ. ಆದರೆ ನರಗಳು ಬೆರಳ ತುದಿವರೆಗೆ ಸಾಮಾನು ಸಾಗಿಸುವುದೂ ಅಂಥ ಕೊಳವೆಗಳ ಮೇಲೆಯೇ, ಹಳಿಯ ಮೇಲೆ ಸಾಗಿಸಿದ ಹಾಗೆ. ಉದ್ದದ ನರಕ್ಕೆ ಮೊದಲ ಪೆಟ್ಟು. ಅದಕ್ಕೇ ಪಾದ ಮೊದಲು, ಕೈ ಆಮೇಲೆ. ಗುಂಡಿ ಹಾಕೋಕಾಗಲ್ಲ ಅಂತ ನಾನು ಹೇಳಿದ್ದರೆ ಅವತ್ತೇ ಡೋಸ್ ಇಳಿಸುತ್ತಿದ್ದರು, ಇಲ್ಲವೇ ಒಂದು ವಾರ ಬಿಡುತ್ತಿದ್ದರು. ಅದೂ ಚಿಕಿತ್ಸೆಯ ಭಾಗವೇ ಅಂತೆ, ಸೋಲೇನಲ್ಲ. ನನ್ನ ಉತ್ತರ ನಂಬಿ ಅವರು ಪೂರ್ತಿ ಡೋಸ್ ಕೊಡುತ್ತಾ ಹೋಗಿದ್ದರು.

ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜೋಮು ಜಾಸ್ತಿಯೇ ಆಯಿತು. ಹಾಗೂ ಆಗುತ್ತದಂತೆ, ಇದನ್ನು ನೀವು ಗಮನಿಸಿ. ಕೈ ಅರ್ಧ ಸರಿಹೋಗಿದೆ. ಪಾದ ಇಲ್ಲ. ಇವತ್ತಿಗೂ ಬಿಸಿ ನೀರನ್ನು ಮೊಣಕೈಯಿಂದ ಮುಟ್ಟಿ ನೋಡುತ್ತೇನೆ, ಕತ್ತಲಲ್ಲಿ ಮೆಟ್ಟಿಲು ಇಳಿಯುವುದಿಲ್ಲ, ಚಪ್ಪಲಿಯೊಳಗೆ ಕಲ್ಲಿದೆಯಾ ಅಂತ ಕಣ್ಣಲ್ಲೇ ನೋಡಬೇಕು.

ಅದಕ್ಕೇ ನೇರವಾಗಿ ಹೇಳ್ತೀನಿ. ಡಾಕ್ಟರನ್ನು ದೇವರು ಅನ್ನಬೇಡಿ. ದೇವರಿಗಾದರೆ ಹೇಳದಿದ್ದರೂ ಗೊತ್ತಾಗುತ್ತದೆ. ಇವರಿಗೆ ನೀವು ಹೇಳಿದರೆ ಮಾತ್ರ. ಜೋಮಿನ ವಿಷಯ ಈ ವಾರವೇ ಹೋಗಿ ಹೇಳಿ. ಯಾವ ಬೆರಳು, ಎಷ್ಟು ದಿನದಿಂದ, ಯಾವ ಕೆಲಸ ಕೈ ತಪ್ಪುತ್ತಿದೆ ಅಂತ ಬರೆದುಕೊಂಡು ಹೋಗಿ. ಉರಿ ನೋವು ಇದ್ದರೆ ಡುಲೋಕ್ಸೆಟಿನ್ ಅನ್ನುವ ಮಾತ್ರೆ ಕೆಲವರಿಗೆ ಕೆಲಸ ಮಾಡುತ್ತದೆ, ಅದು ನಿಮಗೆ ಹೊಂದುತ್ತಾ ಅಂತ ಅವರೇ ಹೇಳಬೇಕು. ಫಾಲೋ ಅಪ್ ಒಂದನ್ನೂ ತಪ್ಪಿಸಬೇಡಿ. ಚೆನ್ನಾಗಿದ್ದೀನಲ್ಲ ಅಂತ ಬಿಡುವುದೇ ಜಾಸ್ತಿ.

ಋಣ ತೀರಿಸೋದಂತೂ ಆಗದ ಮಾತು. ಲೆಕ್ಕ ಹಾಕಲು ಕೂತರೆ ನನ್ನ ಗಂಟಿನ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದವರ ಮುಖವನ್ನೇ ನಾನು ನೋಡಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಯೂ ಅನ್ನುವ ಮರದ ತೊಗಟೆಯಲ್ಲಿ. ಅದನ್ನು ಬೇರ್ಪಡಿಸಿ 1971ರಲ್ಲಿ ರಚನೆ ಪ್ರಕಟಿಸಿದ ತಂಡದಲ್ಲಿ ಮನ್ರೋ ವಾಲ್, ಮನ್ಸುಖ್ ವಾನಿ ಇದ್ದರು. ನನ್ನ ಪಾದ ಕೆಡಿಸಿದ್ದೂ ಜೀವ ಉಳಿಸಿದ್ದೂ ಅದೇ ತೊಗಟೆ. ಯಾರ್ಯಾರಿಗೆ ಅಂತ ಉಡುಗೊರೆ ಕೊಡ್ತೀರಿ?

ಆದರೂ ಏನಾದರೂ ಕೊಡಲೇಬೇಕು ಅಂದರೆ ಕಾಗದ ಬರೆಯಿರಿ. ಕೈಯಲ್ಲೇ ಬರೆಯಿರಿ. ನಾನು 5 ವರ್ಷದ ತಪಾಸಣೆಗೆ ಹೋದಾಗ ಒಂದೂವರೆ ಪುಟ ಬರೆದುಕೊಂಡು ಹೋಗಿದ್ದೆ, ಆ ಸ್ಟೂಲ್ ಬಗ್ಗೆ, ಆ ಹಾಳೆ ಬಗ್ಗೆ, ಗುಂಡಿ ಬಗ್ಗೆ. ಅವರು ನಿಂತೇ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಸೊಟ್ಟಪಟ್ಟ ಅಕ್ಷರಗಳ ಮೇಲೆ ಬೆರಳಿಟ್ಟು, "ಇದನ್ನ ಬರೆಯೋಕೆ ಎಷ್ಟು ಹೊತ್ತು ಬೇಕಾಯ್ತು?" ಅಂದರು.

ಮೂರು ದಿನ ಅಂದೆ. ಅವರು ಕೂತು ಅದನ್ನು ಫೈಲಿನಲ್ಲಿ ಬರೆದುಕೊಂಡರು.